ಅಕ್ಕನ ಎದೆಯೊಳಗಿನ ವೈರ್‌ಲೆಸ್

ನ್ಯಾಯ ಕೇಳಲು ಎಲ್ಲಿಗೆ ಹೋದರೂ ಮೊದಲು ಕೆಡುವುದು ನನ್ನದೇ ತಲೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಉಳಿದದ್ದನ್ನು ಹಳೆ ಪುಸ್ತಕಗಳಿಂದ ಕಲಿತವನು ನಾನು. ಗೇರುಬೀಜ ಕಾರ್ಖಾನೆಯ ಯೂನಿಯನ್‌ನಲ್ಲಿ ಕೆಲಸಗಾರರ ಪರ ಕೂಗುತ್ತೇನೆ. ಅಲ್ಲಿ ಬೀಜ ಹುರಿಯುವ ಶೆಡ್ಡಿನಲ್ಲಿದ್ದ ಒಬ್ಬ ಅಕ್ಕನಿಗೆ ದಮ್ಮು ಹತ್ತಿತು. ಹೊಗೆಯಿಲ್ಲದ ಸಿಪ್ಪೆ ಸುಲಿಯುವ ಕೋಣೆಗೆ ಅವಳನ್ನು ಹಾಕಿಸಬೇಕು. ಕೇಳಿದ್ದು ಇಷ್ಟೇ.

೧. ಡಾಕ್ಟರ ಪಾಠ

ಕುಂದಾಪುರದ ಡಾಕ್ಟರು ಹೇಳಿದರು: "ಹೊಗೆ ತಾಗಿದ ಜೀವಕೋಶ ಪ್ರೋಟೀನ್ ಬಿಟ್ಟು ಬೇರೆ ಕೋಶಗಳನ್ನು ನೆರವಿಗೆ ಕರೆಯುತ್ತದೆ. ಬಂದವೂ ಕರೆಯುತ್ತವೆ. ಕರೆ ನಿಲ್ಲದಿದ್ದರೆ ಊತವೂ ನಿಲ್ಲುವುದಿಲ್ಲ, ಶ್ವಾಸಕೋಶವೇ ಹಾಳು."

ನನಗೆ ತಲೆಬುಡ ತಿಳಿಯಲಿಲ್ಲ. ಗಂಗೊಳ್ಳಿಯಲ್ಲಿ ಬೋಟಿಗೆ ಹೋಗುವ ಅಕ್ಕನ ಗಂಡನಿಗೆ ತಟ್ಟನೆ ತಿಳಿಯಿತು.

"ಒಬ್ಬ ವೈರ್‌ಲೆಸ್ಸಲ್ಲಿ ಮೀನ್ ಇತ್ತ್ ಅಂದ್ರೆ ಎಲ್ಲ ಬೋಟೂ ಅಲ್ಲಿಗೇ ಬತ್ತೊ. ಕಡಿಗೆ ಬಲೆಗೆ ಬಲೆ ಸಿಕ್ಕಿ ಹರಿತ್ತ್. ಹಂಗೇ ಅಲ್ದಾ? ಆ ವೈರ್‌ಲೆಸ್ ಬಂದ್ ಮಾಡುಕೆ ಮಾತ್ರೆ ಕೊಡಿ ಡಾಕ್ಟ್ರೆ."

"ಪೂರಾ ಬಂದ್ ಮಾಡಿದರೆ, ನಿಜವಾಗಿ ಬೋಟು ಮುಳುಗುವಾಗ ಯಾರನ್ನು ಕರೆಯುತ್ತೀರಿ?"

೨. ಪ್ರೋಟೀನ್ ಬಹಿಷ್ಕಾರ

ಶತ್ರು ಪ್ರೋಟೀನೇ ಎಂದು ನಾನು ತೀರ್ಮಾನಿಸಿದೆ. ಮೀನಿನಲ್ಲಿ ಪ್ರೋಟೀನ್ ಇದೆ ಎಂದು ಪುಸ್ತಕದಲ್ಲಿ ಓದಿದ್ದೆ. ಅಕ್ಕನಿಗೆ ಮೀನು ಬಿಡಿಸಿದೆ. ಒಂದು ವಾರ ಅವಳ ಪಾಲಿನ ಬಂಗುಡೆ ಸಾರನ್ನು ನಾನೇ ಉಂಡೆ. ಮುಂದಿನ ಭೇಟಿಯಲ್ಲಿ ಡಾಕ್ಟರು ತಲೆ ಚಚ್ಚಿಕೊಂಡರು. "ಅದು ಮೈಯೊಳಗೇ ಆಗುವ ಪ್ರೋಟೀನ್ ಮಾರಾಯ್ರೆ! ಮೀನು ಏನು ಮಾಡಿತ್ತು?"

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ತಮ್ಮಾ, ನೀ ಹೋರಾಡುಕೆ ಹೊರಟದ್ದ್ ನಂಗಾಯಿಯಾ, ನನ್ ಬಂಗುಡೆಗಾಯಿಯಾ?"

೩. ಒಡೆಯರ ಬುದ್ಧಿ

ಕಾರ್ಖಾನೆಯ ಒಡೆಯರೂ ನಾನು, ಅಕ್ಕ ಒಯ್ದ ಡಾಕ್ಟರ ಚೀಟಿ ಓದಿ ಅರ್ಧ ಕಲಿತಿದ್ದರು. "ನನ್ನ ಹೊಗೆ ಬಂತು, ಹೋಯ್ತು. ಈಗ ಎದೆ ಹಾಳು ಮಾಡುತ್ತಿರುವುದು ಅವಳದ್ದೇ ಜೀವಕೋಶ. ಅವನ್ನೇ ಕೇಳಿ!"

ನಾನು ಮುಷ್ಟಿ ಎತ್ತಿದೆ. ಯಾರ ವಿರುದ್ಧ ಧಿಕ್ಕಾರ ಕೂಗುವುದು? ಅಕ್ಕನ ಜೀವಕೋಶಗಳ ವಿರುದ್ಧವೇ?

ಅಕ್ಕ ಹೇಳಿದಳು, "ಒಡೇರೆ, ಹತ್ತ್ ನಿಮಿಷ ಶೆಡ್ಡಲ್ಲಿ ಕೂಕಣಿ. ಅಲ್ಲೇ ಮಾತಾಡುವ."

ಹಟಕ್ಕೆ ಬಿದ್ದು ಬಂದು ಕೂತರು. ಐದು ನಿಮಿಷಕ್ಕೆ ಕಣ್ಣೀರು, ಕೆಮ್ಮು. ಮಾತೇ ಹೊರಡಲಿಲ್ಲ. ಅಕ್ಕನಿಗೆ ಬಾಗಿಲಾಚೆ ಕೈ ತೋರಿಸಿದರು. ನಮ್ಮನ್ನು ಹೊರಗೆ ಹಾಕುತ್ತಿದ್ದಾರೆಂದು ನನ್ನ ರಕ್ತ ಕುದಿಯಿತು. "ಧಿಕ್ಕಾರ!" ಎಂದು ಕೂಗಿಯೇಬಿಟ್ಟೆ.

ಬಾಗಿಲಾಚೆ ಇದ್ದದ್ದು ಸಿಪ್ಪೆ ಸುಲಿಯುವ ಕೋಣೆ. ಅಕ್ಕ ತನ್ನ ಬುತ್ತಿ ಎತ್ತಿಕೊಂಡು ಅತ್ತ ನಡೆಯುತ್ತಾ ಅಂದಳು:

"ಸಾಕ್ ಮಾಡ್ ತಮ್ಮಾ. ಒಡೇರ ಜೀವಕೋಶವೂ ನಮ್ಮ್ ಯೂನಿಯನ್ ಸೇರಿತ್ತ್."