ಹುಣಸೆ ಗಿಡಕ್ಕೆ ಕೊಡಲಿ ತೋರಿಸಿದ ದಿನ

ನಮ್ಮ ಮಾವನವರು ಮನೆಮಂದಿಗೆಲ್ಲ ಏಕವಚನ ಬಳಸುತ್ತಿದ್ದರು. ಬಹುವಚನವೆಲ್ಲ ಹಿತ್ತಲಿನ ಹುಣಸೆ ಗಿಡಕ್ಕೆ ಮೀಸಲು. ಬೆಳಿಗ್ಗೆ ಎದ್ದು, "ಏನ್ರೀ, ಆರಾಮ ಅದೀರಿ?" ಎಂದು ಗಿಡವನ್ನು ವಿಚಾರಿಸಿಯೇ ಮುಖ ತೊಳೆಯುವರು. ಒಳಗೆ ಜ್ವರ ಬಂದು ಮಲಗಿದ ಮಗನಿಗೆ, "ಎದ್ದಿಯೇನಲೇ?" ಇಷ್ಟೇ.

ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಣಸೆಗೆ ಮಾನ ಇರಬೇಕಾದ್ದೇ. ಅದರ ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ ಕಾಯಿಸಿದ ಗಂಜಿಯನ್ನು ನೂಲಿಗೆ ಬಳಿದರೆ ಮಗ್ಗದಲ್ಲಿ ಎಳೆ ಹರಿಯುವುದಿಲ್ಲ. ಹಣ್ಣು ಸಾರಿಗೆ, ಚಿಗುರು ಬೇಳೆಗೆ, ಎಲೆ ಉಳುಕಿದ ಕಾಲಿಗೆ, ಹಿಂಡಿ ಉಳಿದದ್ದು ದೇವರ ತಾಮ್ರದ ತಂಬಿಗೆಗೆ. ಆದರೆ ನಮ್ಮ ಗಿಡ ಹದಿಮೂರು ವರ್ಷವಾದರೂ ಒಂದು ಕಾಯಿ ಬಿಟ್ಟಿರಲಿಲ್ಲ. ಪಕ್ಕದ ಊರು ಚಿಮ್ಮಡದಿಂದ ಬೀಜ ತಂದು, ನೆನೆಸಿ ಊರಿ, ಸುತ್ತ ಮುಳ್ಳು ಹಚ್ಚಿ, ಆಡಿನ ಬಾಯಿಂದ ಉಳಿಸಿ ಬೆಳೆಸಿದ್ದರು ಮಾವನವರು. ಯಾರೋ ಹೇಳಿದರೆಂದು ಒಮ್ಮೆ ಬುಡಕ್ಕೆ ಬೆಲ್ಲದ ನೀರು ಹೊಯ್ದರು. ಕಾಯಿ ಬರಲಿಲ್ಲ, ಇರುವೆ ಬಂದವು. ಸಾಲು ಹಿಡಿದು ನೇರ ಮಗ್ಗದ ಕುಣಿಗೇ ಇಳಿದವು. ಅದರಲ್ಲಿ ಕಾಲಿಳಿಸಿ ಕೂತಿದ್ದವರು ನಮ್ಮ ಮನೆಯವರು.

"ಅಪ್ಪಾ, ಇರವಿ!"

"ಗಿಡದ ಬೀಗರು ಬಂದಾರಲೇ, ಕಾಲ ಮ್ಯಾಲ ತಗೊ."

ಎಲ್ಲರೊಡನೆ ನಾನೂ ನಗುತ್ತಿದ್ದೆ. ಆದರೆ ಕಾಯಿ ಬಿಡದ ಗಿಡದ ಮಾತು ಬಂದಾಗಲೆಲ್ಲ ಎದ್ದು ಒಲೆಯ ಮುಂದೆ ಹೋಗಿ ಕೂರುತ್ತಿದ್ದೆ. ಮದುವೆಯಾಗಿ ಎಂಟು ವರ್ಷ, ಮಡಿಲು ಬರಿದು. ಆ ವರ್ಷ ಮಾವನವರ ತಂಗಿ, ಅಂದರೆ ನಮ್ಮ ಮನೆಯವರ ಸೋದರತ್ತೆ, ಅಣ್ಣನ ಮಗನಿಗೆ ಎರಡನೆಯ ಹೆಣ್ಣು ಗೊತ್ತುಮಾಡಿಕೊಂಡೇ ಮುಧೋಳದಿಂದ ಬಂದಿಳಿದರು.

"ಈಗ ಮುಂಬೈ ಸರಕಾರದಾಗ ಎರಡನೇ ಲಗ್ನಾ ನಡಿಯಂಗಿಲ್ಲಬೇ," ಎಂದರು ಮಾವನವರು. ನಮ್ಮ ಸೀಮೆ ಆಗಷ್ಟೇ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು.

"ಕಾಯ್ದೆ ಮುಂಬೈದಾಗ ಇರತೈತಿ ಅಣ್ಣಾ. ಮುಧೋಳಕ್ಕ ಇನ್ನೂ ಬಂದಿಲ್ಲ."

ಮೂರು ದಿನ ನಮ್ಮ ಮನೆಯವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನಾನು ಬೆಳಿಗ್ಗೆ ದೇವರ ಮುಂದೆ, ಇವತ್ತೊಂದು ದಿನ ಈ ಮನೆಯಲ್ಲಿ ಕೊಟ್ಟೆಯಲ್ಲ ತಂದೆ, ಸಾಕು ಎಂದು ಕೈಮುಗಿದು ರೊಟ್ಟಿ ಬಡಿಯಲು ಕೂರುತ್ತಿದ್ದೆ.

ನಾಲ್ಕನೆಯ ದಿನ ಅಮಾವಾಸ್ಯೆ. ಕಾಯಿ ಬಿಡದ ಗಿಡಕ್ಕೆ ಅಂದು ಕೊಡಲಿ ತೋರಿಸುವುದು ರೂಢಿ. ಒಬ್ಬರು ಕೊಡಲಿ ಎತ್ತಿ ಕಡಿಯುತ್ತೇನೆಂದು ಹೆದರಿಸಬೇಕು. ಇನ್ನೊಬ್ಬರು ಅಡ್ಡ ಬಂದು, "ಬ್ಯಾಡ, ಬರೋ ವರ್ಷ ಕಾಯಿ ಬಿಡತೈತಿ, ನಾ ಜಾಮೀನ" ಎಂದು ಬಿಡಿಸಿಕೊಳ್ಳಬೇಕು. ಮಾವನವರು ತಮ್ಮ ಗಿಡಕ್ಕೆ ಈ ಅಪಮಾನವನ್ನು ಎಂದೂ ಮಾಡಿದವರಲ್ಲ. ಅಂದು ತಾವೇ ಕೊಡಲಿ ತಂದು ತಂಗಿಯ ಕೈಗಿತ್ತರು.

"ಹೆದರಸು."

ಸೋದರತ್ತೆ ಸೆರಗು ಸಿಕ್ಕಿಸಿ ಹುರುಪಿನಿಂದಲೇ ಎತ್ತಿದರು. "ಇಷ್ಟ ವರ್ಷ ಈ ಮನಿ ನೀರ ಕುಡದಿ. ಒಂದ ಕಾಯಿ ಕೊಡಲಿಲ್ಲ. ನಿನ್ನ ಕಡದು ಬ್ಯಾರೇದ ಹಚ್ಚತೇನಿ ನೋಡು!" ಬೆದರಿಕೆ ಗಿಡಕ್ಕೆ, ಕಣ್ಣು ನನ್ನ ಮೇಲೆ. ಒಳಗೆ ಮಗ್ಗದ ಸಪ್ಪಳ ನಿಂತಿತು. ನಾನು ಹಿತ್ತಲ ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಮಾವನವರು ನಡುವೆ ಬಂದು ಗಿಡಕ್ಕೆ ಬೆನ್ನು ಹಚ್ಚಿ ನಿಂತರು. ನಿಂತು, ಹೇಳಬೇಕಾದ ಮಾತನ್ನೇ ತಪ್ಪಿ ಹೇಳಿದರು.

"ಬ್ಯಾಡ. ಕಾಯಿಗೆ ನಾ ಜಾಮೀನ ಕೊಡಂಗಿಲ್ಲ. ಬಿಡದಿದ್ರೂ ಇರಲಿ. ಇದು ನಮ್ಮ ಮನಿದು."

"ಹಂಗ ಅನಬಾರದೋ ಅಣ್ಣಾ. ಬರೋ ವರ್ಷ ಬಿಡತೈತಿ ಅನಬೇಕು."

"ಬರೋ ವರ್ಷದ್ದು ಶಿವನಿಗೆ ಗೊತ್ತು. ಇದನ್ನ ಮುಟ್ಟಬೇಕಂದ್ರ ಮೊದಲ ನನ್ನ ಕಡಿ."

ಎತ್ತಿದ ಕೊಡಲಿ ಮೆಲ್ಲಗೆ ಇಳಿಯಿತು. ಒಳಗಿನಿಂದ ನಮ್ಮ ಮನೆಯವರು ಬಂದು ಅದನ್ನು ಅವರ ಕೈಯಿಂದ ತೆಗೆದುಕೊಂಡರು. "ಅತ್ತಿ, ಆ ಹೆಣ್ಣಿನ ಮಂದಿಗೆ ಬ್ಯಾಡಂತ ಹೇಳು," ಎಂದರು. ಹಿರಿಯರಿಗೆ ಅವರು ಎದುರಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮುಂದೆ ಕಾಯಿ ಬಿಟ್ಟಿತೇ ಎಂದು ನೀವು ಕೇಳುತ್ತೀರಿ. ಮಾವನವರು ಬದುಕಿದ್ದಷ್ಟು ದಿನ ಒಮ್ಮೆಯೂ ಕೇಳಲಿಲ್ಲ.