ಷಡ್ಡಕನ ಸ್ಪೀಡು

ಷಡ್ಡಕ ದಯಾನಂದ ಕಾರು ಕೊಂಡಾಗಲೂ ಬಣಕಲ್ಲಿನ ಶಶಿಧರನಿಗೆ ಇಷ್ಟು ಹೊಟ್ಟೆ ಉರಿದಿರಲಿಲ್ಲ. ಬೆಳಿಗ್ಗೆ ಮಂಗಳೂರಿನಿಂದ ಅವನ ಫೋನು ಬಂತು.

"ಭಾವ, ನಮ್ಮ ನೆಟ್ಟು ಈಗ ಬಾಣ! ಒಬ್ಬರ ನೆಟ್ಟು ಒಬ್ಬರು ಹಂಚಿಕೊಳ್ಳೋ ಆ್ಯಪ್ ಹಾಕಿದೀನಿ. ಇಲ್ಲಿ ತೆರೆಯದ ಪುಟಾನೂ ತೆರೀತದೆ. ನೀವಿನ್ನೂ ಎತ್ತಿನಗಾಡೀಲೇ ಇದೀರಾ?"

ಮನೆ ಕಾಫಿಪುಡಿ ಸ್ಪರ್ಧೆಗೆ ಅರ್ಜಿ ಹಾಕಲು ಅಂದು ಸಂಜೆ ನಾಲ್ಕರವರೆಗೆ ಮಾತ್ರ ಸಮಯವಿತ್ತು. ಕಾಫಿ ಬೆಳೆಯುವ ತಾಲ್ಲೂಕುಗಳ ಹೊರಗೆ ಆ ಪುಟ ತೆರೆಯುತ್ತಿರಲಿಲ್ಲ. ಹೆಂಡತಿ ಮಾಲವಿಕಾ ಹುರಿದ ಪುಡಿಗೆ ಬಹುಮಾನ ಬಂದರೆ ದಯಾನಂದನ ಬಾಯಿ ಮುಚ್ಚೀತು ಎಂದು ಶಶಿಧರ ಲೆಕ್ಕ ಹಾಕಿದ್ದ. ಆದರೆ ಮೊದಲು ಅವನಿಗೂ ಆ ಆ್ಯಪ್ ಬೇಕಾಯಿತು.

ಪಕ್ಕದ ಗ್ಯಾರೇಜಿನ ಗುಲಾಮ್ ಮುಸ್ತಫಾ ಕೈ ಒರೆಸಿಕೊಂಡು ಬಂದು ಹಾಕಿಕೊಟ್ಟ.

"ನಾವು ಕೊಟ್ಟಷ್ಟು ನಮಗೂ ಸಿಗ್ತದಂತೆ. ಕಾಲು ಭಾಗ ಕೊಡಿ, ಸಾಕು."

"ದಯಾನಂದ ಎಷ್ಟು ಕೊಟ್ಟಿರಬಹುದು?"

"ಅರ್ಧ ಇರಬಹುದು."

ಶಶಿಧರ ಪೂರ್ತಿ ಕೊಟ್ಟ.

'ನಿಮ್ಮ ನೆಟ್ ಒಬ್ಬರಿಗೆ ನೆರವಾಗುತ್ತಿದೆ. ಧನ್ಯವಾದ' ಎಂದಿತು ಆ್ಯಪ್. ಅಲ್ಲಿಂದ ಅರ್ಜಿಯ ಜೊತೆ ಹೋಗಬೇಕಿದ್ದ ಪುಡಿಯ ಫೋಟೋ ಚಾರ್ಮಾಡಿ ಘಾಟಿ ಹತ್ತುವ ಲಾರಿಯ ಹಾಗೆ ತೆವಳಿತು. ಮುಸ್ತಫಾನ ಮಾತು ಕೇಳಿ ಶಶಿಧರ ವೈಫೈ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದ, ಕಿಟಕಿಗೆ ಕಟ್ಟಿದ, ಕೊನೆಗೆ ತಲೆಯ ಮೇಲೆ ಹೊತ್ತು ನಿಂತ.

"ರೀ, ಆ ಆ್ಯಪ್ ತೆಗೀರಿ," ಎಂದಳು ಮಾಲವಿಕಾ.

"ಅವನಿಗೆ ಓಡೋದು ನನಗ್ಯಾಕೆ ಓಡಲ್ಲ?"

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಪುಟ ಬಾಯಿ ಬಿಟ್ಟಿತು: 'ಈ ಮನೆಯ ನೆಟ್‌ನಿಂದ ಒಂದು ಅರ್ಜಿ ಬಂದಾಗಿದೆ. ಮನೆಗೊಂದೇ ಅರ್ಜಿ.'

"ನಾನು ಹಾಕೇ ಇಲ್ವಲ್ಲ ಮಾರಾಯ!" ಎಂದು ಶಶಿಧರ ಕೂಗುವಾಗಲೇ ಮಾಲವಿಕಾಳ ಫೋನು ಹೊಡೆದುಕೊಂಡಿತು. ತಂಗಿ ಪಂಚಮಿ, ದಯಾನಂದನ ಹೆಂಡತಿ.

"ಅಕ್ಕಾ, ಆ ಸ್ಪರ್ಧೆ ಪುಟ ಇಲ್ಲಿ ತೆರೀತಾನೇ ಇರ್ಲಿಲ್ಲ. ನಿಮ್ಮ ಬಣಕಲ್ಲಲ್ಲಿ ಯಾರೋ ಪುಣ್ಯಾತ್ಮರು ಪೂರ್ತಿ ನೆಟ್ಟು ಬಿಟ್ಟಿದ್ರಂತೆ. ಅವರ ಲೈನಲ್ಲೇ ಇವರು ನನ್ನ ಹೆಸರಲ್ಲಿ ಅರ್ಜಿ ಹಾಕಿದ್ರು!"

"ನೀನು ಯಾವಾಗ ಕಾಫಿ ಹುರಿದೆ?"

"ನಾನೆಲ್ಲಿ ಹುರೀಲಿ? ಹೋದ ವಾರ ನೀನು ಕಳಿಸಿದ ಪುಡಿ ಇತ್ತಲ್ಲ!"

ಶಶಿಧರನ ಕೈಯಲ್ಲಿ ಆ್ಯಪ್ ಮಿನುಗಿತು: 'ಅಭಿನಂದನೆ! ಇಂದು ಜಿಲ್ಲೆಯಲ್ಲೇ ಅತಿ ಹೆಚ್ಚು ಕೊಟ್ಟವರು ನೀವು.'

ಮಾಲವಿಕಾ ಅದನ್ನು ಓದಿದಳು.

"ಹೂಂ," ಎಂದಳು, "ಅದಕ್ಕೆ ಇನ್ನೂ ಪುಡಿ ಕೊಟ್ಟಿದ್ದು ಗೊತ್ತಿಲ್ಲ."