ಹೆಂಡತಿ ವಿಮಾನದಿಂದ ಜಿಗಿಯುತ್ತೇನೆ ಅಂದಾಗ

ಜಮಖಂಡಿಯಲ್ಲಿ ಇಷ್ಟು ವರ್ಷ ವಿಮಾ ಏಜೆಂಟನಾಗಿ ನಾನು ಕಂಡುಕೊಂಡದ್ದು ಒಂದೇ: ನಮ್ಮ ಕಡೆ ಯಾರೂ ಅಪಾಯದ ಕೆಲಸ ಮಾಡುವುದಿಲ್ಲ. ಮಾಡುವವರೆಲ್ಲ ಪಕ್ಕದ ಮನೆಯವರು. ಪಾಲಿಸಿ ಮಾಡಿಸುವಾಗ "ಅಪಾಯದ ಆಟ ಏನರ ಆಡತೀರೇನ್ರಿ?" ಎಂದು ಕೇಳಲೇಬೇಕು. ಕೇಳಿದಾಗಲೆಲ್ಲ ಏನಾದರೊಂದು ತಮಾಷೆ ನಡೆಯುತ್ತದೆ. ಅದು ನನ್ನ ಮನೆಯಲ್ಲೇ ನಡೆದೀತೆಂದು ಮಾತ್ರ ಎಣಿಸಿರಲಿಲ್ಲ.

ಐವತ್ತು ತುಂಬಿದ ನನ್ನ ಹೆಂಡತಿ ಒಂದು ಮುಂಜಾನೆ ರೊಟ್ಟಿ ಬಡಿಯುತ್ತ, "ಮೈಸೂರಾಗ ವಿಮಾನದಿಂದ ಜಿಗಸ್ತಾರಂತ. ನಾನೂ ಜಿಗೀಬೇಕಂತ ಮಾಡೇನಿ" ಅಂದಳು. ತರಬೇತಿಯಾದವರೊಬ್ಬರು ನಮ್ಮನ್ನು ತಮ್ಮ ಎದೆಗೆ ಕಟ್ಟಿಕೊಂಡೇ ಜಿಗಿಯುತ್ತಾರಂತೆ, ಹೆದರಿಕೆಯಿಲ್ಲವಂತೆ. ನಾನು ಬೇಡ ಅನ್ನಲಿಲ್ಲ. ಬೇಡ ಅಂದರೆ ಮರುದಿನವೇ ಹೊರಡುವ ಪೈಕಿ ಅವಳು.

"ನಿಮ್ಮ ತವರಮನಿಯವರನ್ನ ಕೇಳು. ಅವರು ಹೂಂ ಅಂದ್ರ ನಂದೇನೂ ಅಡ್ಡಿಯಿಲ್ಲ" ಅಂದೆ. ಅವರು ಯಾರೂ ಹೂಂ ಅನ್ನುವುದಿಲ್ಲವೆಂಬ ಧೈರ್ಯ ನನಗಿತ್ತು.

೧. ಕಲ್ಲು

ಮೊದಲು ಮುಧೋಳಕ್ಕೆ ಅವಳ ಅಕ್ಕನ ಮನೆಗೆ ಬೈಕಿನಲ್ಲಿ ಹೊರಟೆವು. ದಾರಿಯಲ್ಲಿ ಚಹಾದಂಗಡಿಯ ಮುಂದೆ ಹುನ್ನೂರಿನ ಟ್ರ್ಯಾಕ್ಟರ್ ಡ್ರೈವರ್ ಸಿಕ್ಕ. ನನ್ನ ಹತ್ತಿರವೇ ಪಾಲಿಸಿ ಮಾಡಿಸಿದವನು. ಎರಡು ಟ್ರೇಲರಿನ ತುಂಬ ಕಬ್ಬು ಹೇರಿಕೊಂಡು ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೊರಟಿದ್ದ. ಹೆಂಡತಿಗೆ ಬುದ್ಧಿ ಬರಲೆಂದು ಅವಳೆದುರೇ ಕೇಳಿದೆ, "ಏನಪಾ, ವಿಮಾನದಿಂದ ಜಿಗೀತೀಯೇನು?"

"ನನಗೇನ್ ಹುಚ್ಚ ಹಿಡದೈತೇನ್ರಿ ಸಾಹೇಬ್ರ? ಮನ್ಯಾಗ ಹೆಂಡ್ರು ಮಕ್ಕಳು ಅದಾರ."

ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಅವನು ಹೋಗಿ ಟ್ರೇಲರಿನ ಗಾಲಿಯ ಕೆಳಗಿದ್ದ ಕಲ್ಲನ್ನು ಕಾಲಿನಿಂದ ಇನ್ನಷ್ಟು ಒತ್ತಿ ಬಂದ. ರಸ್ತೆ ಅಲ್ಲಿ ಇಳಿಜಾರು.

"ಬ್ರೇಕ್ ಇಲ್ಲೇನೋ?" ಅಂದೆ.

"ಕಲ್ಲ ಐತೆಲ್ರಿ" ಅಂದ.

ಹೆಂಡತಿ ಚಹಾ ಮುಗಿಸಿ ಕಪ್ಪು-ಬಸಿ ಕೆಳಗಿಟ್ಟಳು. "ನನಗ ಎರಡೆರಡು ಪ್ಯಾರಾಶೂಟ್ ಇರತಾವ. ಒಂದು ಬಿಚ್ಚಲಿಲ್ಲಂದ್ರ ಇನ್ನೊಂದು. ಇವಂದು ಒಂದ ಕಲ್ಲು."

೨. ಷಡ್ಡಕನ ಪಂಚಾಯ್ತಿ

ಮುಧೋಳದಲ್ಲಿ ನನ್ನ ಷಡ್ಡಕ ಕೈಯನ್ನು ಕೊರಳಿಗೆ ಜೋತುಹಾಕಿಕೊಂಡು ಕೂತಿದ್ದರು. ಎತ್ತಿನ ಗಾಡಿ ಓಡಿಸುವ ಶರ್ಯತ್ತಿನಲ್ಲಿ ಬಿದ್ದಿದ್ದರು. ಮನೆ ಹಿಡಿದು ಕೂತವರು ಮೊಬೈಲಿನಲ್ಲಿ ಜಗತ್ತಿನ ಸಾಹಸದ ಆಟಗಳನ್ನೆಲ್ಲ ನೋಡಿ ಮುಗಿಸಿದ್ದರಿಂದ ತೀರ್ಪು ತಯಾರಿತ್ತು.

"ಹಿಮದ ಗುಡ್ಡ ಹತ್ತೂದು ಬ್ಯಾಡ, ಹತ್ತಿದ್ರ ಮತ್ತ ಇಳೀಬೇಕು. ಬಂಜಿ ಜಂಪ್ ಅಂತೂ ಬ್ಯಾಡ ಬಿಡ್ರಿ, ಕಾಲಿಗೆ ಹಗ್ಗ ಕಟ್ಟಿ ತಲಿ ಕೆಳಗ ಮಾಡತಾರ. ವಿಮಾನದ್ದು ಛಲೋ. ಮ್ಯಾಲಿಂದ ನೆಲಕ್ಕ ಬರೂತನಾ ವಿಚಾರ ಮಾಡಾಕ ಟೈಮ್ ಸಿಗತೈತಿ."

"ಗಾಡಿ ಶರ್ಯತ್ತಿನ್ಯಾಗ ಸಿಗೂದಿಲ್ಲೇನ್ರಿ?" ಎಂದು ಹೆಂಡತಿ ಕೇಳಿದಳು.

"ಎಲ್ಲಿದು ಬೇ. ಗಾಡಿ ಉಳ್ಳಿ ಬಿದ್ದದ್ದ ನನಗ ಗೊತ್ತಾಗಲಿಲ್ಲ. ದವಾಖಾನ್ಯಾಗ ಕಣ್ಣ ಬಿಟ್ಟು, ನಮ್ಮ ಎತ್ತ ಎಷ್ಟನೇ ನಂಬರ್ ಬಂದುವು ಅಂತ ಕೇಳಿದೆ."

೩. ಕರೆಂಟು

ಉಳಿದದ್ದು ಬನಹಟ್ಟಿ. ಅವಳ ತಮ್ಮ ಅಲ್ಲಿ ಮಗ್ಗ ಹಾಕಿದ್ದಾನೆ. ಪವರ್‌ಲೂಮಿನ ಲಾಳಿ ಹಾರಿ ಬಡಿದ ಗುರುತು ಹುಬ್ಬಿನ ಮೇಲೆ ಇದೆ. ಅವನೇ ನನ್ನ ಕಡೆಯ ಆಸರೆ. ನಡೆಯುವ ಮಗ್ಗದೊಳಗೆ ಕೈ ಹಾಕಿ ಕಡಿದ ಎಳೆ ಕಟ್ಟುತ್ತಲೇ ಅವನು ಅಕ್ಕನ ಮಾತು ಕೇಳಿಸಿಕೊಂಡ.

"ಮಗ್ಗ ನಿಲ್ಲಿಸಿ ಕಟ್ಟಬಾರದೇನೋ?" ಅಂದೆ.

"ನಿಲ್ಲಿಸಿದ್ರ ಲುಕ್ಸಾನ್ರಿ ಮಾಮಾ." ಆಮೇಲೆ ಅಕ್ಕನ ಕಡೆ ತಿರುಗಿ ಗಂಭೀರವಾಗಿ, "ಬ್ಯಾಡಕ್ಕಾ. ನೀ ಅರ್ಧಾ ದಾರ್‍ಯಾಗ ಇದ್ದಾಗ ಕರೆಂಟ್ ಹೋದ್ರ ಏನ್ ಮಾಡತೀ?" ಅಂದ.

ಬೀಳುವುದಕ್ಕೆ ಕರೆಂಟು ಬೇಕಾಗಿಲ್ಲವೆಂದು ತಿಳಿದ ಮೇಲೆ ಅವನೂ ಒಪ್ಪಿದ.

೪. ಉಡಿ

ಅದೇ ಮನೆಯಲ್ಲಿ ಮಗನ ಜೊತೆಗಿದ್ದ ಅತ್ತೆಯವರದೊಂದೇ ಬಾಕಿ. ಎಂಬತ್ತು ದಾಟಿದವರು, ಬಸ್ಸು ಹತ್ತಲಿಕ್ಕೇ ಹೆದರುವವರು. ಎಲ್ಲ ಕೇಳಿ, "ಹೋಗಿ ಬಾ. ಆದ್ರ ಒಬ್ಬಾಕಿನ ಯಾಕ? ಅಳಿಯಾರೂ ಜಿಗೀಲಿ, ಜೋಡಿಲೆ ಛಂದ" ಅಂದರು. ನಾನು ತೋಡಿದ ಗುಂಡಿಗೆ ನಾನೇ ಬಿದ್ದಿದ್ದೆ.

ಅಲ್ಲಿಂದಲೇ ಮೈಸೂರಿಗೆ ಹೊರಡುವಾಗ ಮಗಳಿಗೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಖಣ. ಅದನ್ನು ನೆಲಕ್ಕೆ ಇಡುವಂತಿಲ್ಲ, ಮನೆಗೆ ಬಂದು ದೇವರ ಮುಂದೆಯೇ ಬಿಚ್ಚಬೇಕು ಎಂಬುದು ಅವರ ಕಟ್ಟಪ್ಪಣೆ. ಹೆಂಡತಿ ಬಟ್ಟೆಯಲ್ಲಿ ಗಂಟು ಮಾಡಿ ಸೊಂಟಕ್ಕೆ ಕಟ್ಟಿಕೊಂಡೇ ಮೈಸೂರು ಮುಟ್ಟಿದಳು.

ಜಿಗಿಸುವವರು ಗಂಟು ನೋಡಿದರು. ಮೈಮೇಲೆ ಇಂಥದ್ದೇನೂ ಇರಕೂಡದು, ತೆಗೆದಿಡಿ ಅಂದರು. ನೆಲಕ್ಕೆ ಇಡುವಂತಿಲ್ಲವೆಂದು ಇವಳು. ಆಗ ನಾನು ಮುಂದೆ ಬಂದೆ. "ನೀ ಜಿಗಿ. ಉಡಿ ನಾ ಹಿಡ್ಕೊಂತೀನಿ. ದೇವರ ಕೆಲಸ, ಯಾರರ ಒಬ್ಬರು ನೆಲದ ಮ್ಯಾಲ ಇರಬೇಕಲ್ಲ." ಅವಳು ನನ್ನ ಮುಖವನ್ನೇ ನೋಡಿದಳು. ಗಂಟನ್ನು ನನ್ನ ಸೊಂಟಕ್ಕೆ ಕಟ್ಟಿ ಮೇಲೆ ಅಂಗಿ ಎಳೆದಳು.

ವಿಮಾನ ಚುಕ್ಕೆಯಾಯಿತು. ಚುಕ್ಕೆಯಿಂದ ಇನ್ನೊಂದು ಚುಕ್ಕೆ ಉದುರಿತು. ಜೀವನವಿಡೀ ಊರವರ ಅಪಾಯ ಕೇಳುತ್ತ ಬಂದ ನನಗೆ ಅವತ್ತು ನಿಜವಾದ ಹೆದರಿಕೆಯಾಯಿತು. ಛತ್ರಿ ಬಿಚ್ಚಿಕೊಳ್ಳುವವರೆಗೆ ಉಡಿಯನ್ನು ಎರಡೂ ಕೈಯಿಂದ ಅವುಚಿ ಹಿಡಿದಿದ್ದೆ.

ಇಳಿದವಳೇ ನಗುನಗುತ್ತ ಬನಹಟ್ಟಿಗೆ ವಿಡಿಯೋ ಕಾಲ್ ಹಚ್ಚಿದಳು. ಅಲ್ಲಿ ಎಲ್ಲರೂ ಮೊಬೈಲಿನ ಮುಂದೆ ಕೂತಿದ್ದರು. ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬೆವರುತ್ತ ಪಕ್ಕದಲ್ಲೇ ನಿಂತಿದ್ದೆ. ಅಂಗಿ ಮುಂದಕ್ಕೆ ಉಬ್ಬಿತ್ತು.

ಅವಳ ತಮ್ಮ ಕೇಳಿದ, "ಮಾಮಾ, ನಿಮಗ ಏಳು ತಿಂಗಳಾತೇನ್ರಿ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅತ್ತೆಯವರು ಮಾತ್ರ ನಗಲಿಲ್ಲ. ಮೊಬೈಲನ್ನು ಕಣ್ಣ ಹತ್ತಿರ ಹಿಡಿದು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿ ಹೇಳಿದರು:

"ಸುಮ್ನಿರ್‍ರೋ, ನಗಬ್ಯಾಡ್ರಿ. ಇಂಥಾ ಹೊತ್ತಿನ್ಯಾಗ ಜಿಗೀಬಾರದು. ಜಿಗೀಲಿಲ್ಲ, ಛಲೋ ಮಾಡಿದ್ರು."